ರಾಜನ್-ನಾಗೇಂದ್ರ: ಒಂದೇ ಹೆಸರಾಗಿ ಬಾಳಿದ ಅಣ್ಣತಮ್ಮ

ಪಣಂಬೂರಿನ ಕಡಲತೀರದಲ್ಲಿ ಉತ್ಸವದ ವೇದಿಕೆ ಎದ್ದರೆ, ಅಥವಾ ಬೈಕಂಪಾಡಿ, ಕುಳಾಯಿ, ಸುರತ್ಕಲ್ ಕಡೆ ಯಾವುದಾದರೂ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ರಸಮಂಜರಿ ಇಟ್ಟರೆ, ರಾತ್ರಿ ಮುಗಿಯುವುದರೊಳಗೆ ರಾಜನ್-ನಾಗೇಂದ್ರರ ಹಾಡೊಂದು ಬರಲೇಬೇಕು. ಹಾಡುವ ಹುಡುಗ ಹುಟ್ಟುವ ಎಷ್ಟೋ ಮೊದಲು ಧ್ವನಿಮುದ್ರಣವಾದ ಹಾಡು ಅದು. ಕೇಳಲು ಕೂತವರಲ್ಲಿ ಹೆಚ್ಚಿನವರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಆದರೂ ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಸಭೆ ದನಿಗೂಡಿಸಿರುತ್ತದೆ.

ಒಡಹುಟ್ಟಿದವರು ಕೂಡಿ ಕಟ್ಟಿದ ಜನಪ್ರಿಯ ಸಂಗೀತ ಎಂದರೆ ಹೊರಜಗತ್ತು ಬೀ ಜೀಸ್‌ನ ಗಿಬ್ ಸಹೋದರರನ್ನೋ ಜಾಕ್ಸನ್ ಫೈವ್ ಅನ್ನೋ ನೆನೆಯುತ್ತದೆ, ಹಿಂದಿಯವರು ಕಲ್ಯಾಣಜಿ-ಆನಂದಜಿಯನ್ನು. ಕನ್ನಡದಲ್ಲಿ ಆ ಜಾಗ ಮೈಸೂರು ಶಿವರಾಮಪೇಟೆಯ ಈ ಅಣ್ಣತಮ್ಮಂದಿರದು. ರಾಜನ್ ಹುಟ್ಟಿದ್ದು 1933ರಲ್ಲಿ, ನಾಗೇಂದ್ರ 1935ರಲ್ಲಿ. ತಂದೆ ರಾಜಪ್ಪ ಹಾರ್ಮೋನಿಯಂ ಮತ್ತು ಕೊಳಲು ವಾದಕರು, ಮೂಕಿ ಚಿತ್ರಗಳು ಓಡುವಾಗ ಪರದೆಯ ಬಳಿ ಕೂತು ನುಡಿಸುತ್ತಿದ್ದವರು. ಅಣ್ಣನ ಕೈಗೆ ಪಿಟೀಲು ಬಂತು, ತಮ್ಮನ ಕೈಗೆ ಜಲತರಂಗ. ಕಮಾನು ಎಳೆದಷ್ಟು ಹೊತ್ತೂ ನಿಲ್ಲುವ ನಾದ ಒಂದು, ತಟ್ಟಿದೊಡನೆ ಕರಗುವ ನಾದ ಇನ್ನೊಂದು. ಅವರ ಹಾಡುಗಳಲ್ಲಿ ಪಲ್ಲವಿ-ಚರಣಗಳ ನಡುವಿನ ವಾದ್ಯಭಾಗವನ್ನು ಗಮನಿಸಿ ಕೇಳಿದರೆ ಈ ಎರಡೂ ಗುಣ ಒಟ್ಟಿಗೇ ಸಿಗುತ್ತವೆ ಎಂದು ನನಗೆ ಅನ್ನಿಸಿದೆ.

ಇವರ ಮೊದಲ ಅವಕಾಶದಲ್ಲಿ ಕರಾವಳಿಯವರೊಬ್ಬರ ಕೈಯಿದೆ ಎಂಬುದನ್ನು ನಮ್ಮೂರಿನವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಉಡುಪಿ ಬಳಿಯ ಉದ್ಯಾವರದ ಬಿ. ವಿಠಲಾಚಾರ್ಯರು ಚಿಕ್ಕಂದಿನಲ್ಲೇ ಊರು ಬಿಟ್ಟು ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸಿನ ಮೂಲಕ ಸಿನಿಮಾಕ್ಕೆ ಬಂದವರು. 1950ರ ದಶಕದ ಆರಂಭದಲ್ಲಿ ‘ಸೌಭಾಗ್ಯಲಕ್ಷ್ಮಿ’ ಚಿತ್ರದ ಸಂಗೀತವನ್ನು ಅವರು ಒಪ್ಪಿಸಿದ್ದು ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಈ ಸಹೋದರರಿಗೆ. ಮುಂದಿನ ಎರಡು ದಶಕ ಪೌರಾಣಿಕ, ಜಾನಪದ, ಸಾಮಾಜಿಕ ಎನ್ನದೆ ಬಂದುದಕ್ಕೆಲ್ಲ ರಾಗ ಹಾಕಿದರು. 1962ರ ‘ರತ್ನಮಂಜರಿ’ಯಲ್ಲಿ ಎಸ್. ಜಾನಕಿಯವರ ಜೊತೆ ನಾಗೇಂದ್ರರೇ ಹಾಡಿದ ಯುಗಳಗೀತೆ ಈಗಲೂ ಹೊಸದಾಗಿದೆ.

ಇವರು ಮನೆಮನೆಗೆ ಬಂದದ್ದು ಮಾತ್ರ 1970ರ ದಶಕದಲ್ಲಿ. ಪಣಂಬೂರಿನ ಚಹರೆ ಬದಲಾದದ್ದೂ ಅದೇ ಕಾಲಕ್ಕೆ. ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರಲ್ಲಿ, ಎಂಸಿಎಫ್ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1976ರಲ್ಲಿ, ಮಂಗಳೂರು ಆಕಾಶವಾಣಿ ಕೇಂದ್ರವೂ ಅದೇ ವರ್ಷ. ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದವರಿಗೂ ಊರಿನವರಿಗೂ ಒಟ್ಟಿಗೆ ಗೊತ್ತಿದ್ದ ಹಾಡುಗಳೆಂದರೆ ‘ಗಂಧದ ಗುಡಿ’ (1973), ‘ಎರಡು ಕನಸು’ (1974), ‘ನಾ ನಿನ್ನ ಮರೆಯಲಾರೆ’, ‘ಬಯಲು ದಾರಿ’ (ಎರಡೂ 1976) ಚಿತ್ರಗಳವು. ಮೊದಲೆರಡರಲ್ಲಿ ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಕಂಠ, ‘ನಾ ನಿನ್ನ ಮರೆಯಲಾರೆ’ಗೆ ಬರುವಷ್ಟರಲ್ಲಿ ರಾಜ್ ತಾವೇ ಹಾಡತೊಡಗಿದ್ದರು. ‘ಬಯಲು ದಾರಿ’ಯಲ್ಲಿ ಅನಂತನಾಗ್‌ಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಹಾಡುವವರು ಬದಲಾದರೂ ಸಂಗೀತದ ಗುರುತು ಅಳಿಸಲಿಲ್ಲ.

ಆ ಗುರುತು ಯಾವುದು? ಪಲ್ಲವಿಯ ಮೊದಲ ಸಾಲು ಯಾರ ಗಂಟಲಿಗೂ ಎಟುಕುವಂತಿರುತ್ತದೆ. ಸಂಗೀತ ಕಲಿಯದವರೂ ಧೈರ್ಯವಾಗಿ ಶುರುಮಾಡಬಹುದು. ಕಷ್ಟ ಎದುರಾಗುವುದು ಚರಣದಲ್ಲಿ: ಅಲ್ಲಿ ಸಣ್ಣ ಗಮಕ, ಅಲ್ಲೊಂದು ತಿರುವು, ಉಸಿರು ಹಿಡಿಯಬೇಕಾದ ಜಾಗ. ರಸಮಂಜರಿಯ ಗಾಯಕರ ನಿಜವಾದ ತಾಕತ್ತು ತಿಳಿಯುವುದು ಅಲ್ಲೇ. ಕೇಳುಗನಿಗೆ ಸಲೀಸು, ಹಾಡುವವನಿಗೆ ಪರೀಕ್ಷೆ. ಇಂಥ ಹಾಡು ಕಟ್ಟುವುದು ಜನಪ್ರಿಯ ಸಂಗೀತದಲ್ಲಿ ಬಹಳ ದೊಡ್ಡ ವಿದ್ಯೆ. ಸಿನಿಮಾ ಹಾಡೆಂದು ಅದನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಒಟ್ಟು ಸುಮಾರು 375 ಚಿತ್ರಗಳು, ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಕನ್ನಡದವು. ಉಳಿದವು ತೆಲುಗು, ತಮಿಳು ಮೊದಲಾದ ಭಾಷೆಗಳಲ್ಲಿ. 1977ರ ತೆಲುಗು ‘ಪಂತುಲಮ್ಮ’ ಆಂಧ್ರದ ನಂದಿ ಪ್ರಶಸ್ತಿ ತಂದಿತು. ಬಾಲಕ ಪುನೀತ್ ‘ಚಲಿಸುವ ಮೋಡಗಳು’ (1982), ‘ಬೆಟ್ಟದ ಹೂವು’ (1985) ಚಿತ್ರಗಳಲ್ಲಿ ಹಾಡಿದ್ದು ಇವರ ಸಂಗೀತಕ್ಕೇ. ಮಗುವಿನ ಕಂಠವನ್ನು ಪಳಗಿದ ಗಾಯಕನ ಹಾಗೆ ದುಡಿಸದೆ, ಅದಕ್ಕೆ ಎಷ್ಟು ಸಾಧ್ಯವೋ ಅಷ್ಟರಲ್ಲೇ ರಾಗ ಹೆಣೆದದ್ದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ನಾಗೇಂದ್ರ 2000ದಲ್ಲಿ ತೀರಿಕೊಂಡರು. ಅರ್ಧ ಶತಮಾನದ ಹತ್ತಿರ ಒಂದೇ ಹೆಸರಾಗಿದ್ದವರು. ಯಾವ ರಾಗ ಅಣ್ಣನದು, ಯಾವುದು ತಮ್ಮನದು ಎಂದು ಹಾಡು ಕೇಳಿ ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಆಮೇಲಿನ ವರ್ಷಗಳಲ್ಲಿ ರಾಜನ್ ಬೆಂಗಳೂರಿನಲ್ಲಿ ಸಂಗೀತ ಪಾಠ ಹೇಳಿಕೊಂಡಿದ್ದರು. ಅವರು ಹೋದದ್ದು 2020ರ ಅಕ್ಟೋಬರ್ 11ರಂದು, ಎಸ್‌ಪಿಬಿ ತೀರಿಕೊಂಡ ಮೂರೇ ವಾರದೊಳಗೆ.

ಹೊಸದಾಗಿ ಕೇಳಹೊರಟವರಿಗೆ ನಾನು ಹೇಳುವುದು ‘ಪರಸಂಗದ ಗೆಂಡೆತಿಮ್ಮ’ದಿಂದ (1978) ಶುರುಮಾಡಿ ಎಂದು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ದೊಡ್ಡರಂಗೇಗೌಡರ ಗ್ರಾಮ್ಯ ಸೊಗಡಿನ ಸಾಹಿತ್ಯ. ಪ್ರಣಯಗೀತೆಗಳಿಗೆ ಹೆಸರಾದ ಸಹೋದರರು ಇಲ್ಲಿ ಹಳ್ಳಿಯ ಬೆಳಗನ್ನು, ಸಂತೆಯ ದಾರಿಯನ್ನು ಸ್ವರದಲ್ಲಿ ಹಿಡಿದಿದ್ದಾರೆ. ಅದನ್ನು ಕೇಳಿ ‘ಎರಡು ಕನಸು’ ಹಾಕಿಕೊಂಡರೆ ಅವರ ಹರಹು ಎಷ್ಟೆಂದು ತಿಳಿಯುತ್ತದೆ.