ನಿಮಗಿದು ಗೊತ್ತೇ? ಮುಂಬೈ ನಕ್ಕಿತು, ಠಾಣೆಗೂ ಹೋಯಿತು

ತಮಾಷೆ ಮಾಡಿ ಕೇಸು ಹಾಕಿಸಿಕೊಳ್ಳುವುದು ಯೂಟ್ಯೂಬ್ ಬಂದ ಮೇಲೆ ಅಂಟಿದ ರೋಗ ಅಂದುಕೊಂಡಿದ್ದೀರಾ? ಮುಂಬೈಗೆ ಅದು ನೂರೈವತ್ತು ವರ್ಷಕ್ಕೂ ಹಳೆಯ ಅಭ್ಯಾಸ. ಓದುತ್ತ ಹೋಗಿ. ನಗು ಬಂದರೆ ಜವಾಬ್ದಾರಿ ನಿಮ್ಮದು.

● ಧರ್ಮಗುರುವೊಬ್ಬರ ನಡತೆಯನ್ನು ತನ್ನ ‘ಸತ್ಯಪ್ರಕಾಶ’ ಪತ್ರಿಕೆಯಲ್ಲಿ ಬಯಲಿಗೆಳೆದ ಬೊಂಬಾಯಿಯ ಕರ್ಸನ್‌ದಾಸ್ ಮುಳಜಿಯ ಮೇಲೆ ಹೂಡಿದ ಮಾನನಷ್ಟ ದಾವೆಯ ಮೊತ್ತ 50,000 ರೂಪಾಯಿ. 1862ರಲ್ಲಿ ಗೆದ್ದವರು ಕರ್ಸನ್‌ದಾಸ್. ಆ ದಾವೆಗಿಂತ ಸ್ವಾರಸ್ಯ ಅದರ ಪಕ್ಕದ ಕಥೆಯಲ್ಲಿದೆ. ಗುರುಗಳ ವಿರುದ್ಧ ಸಾಕ್ಷಿ ಹೇಳಿದವರನ್ನು ಜಾತಿಯಿಂದ ಹೊರಗಿಡುತ್ತೇವೆ ಎಂದು ಭಾಟಿಯಾ ಸಮಾಜದ ಮುಖಂಡರು ಕಟ್ಟು ಮಾಡಿದರು. ಇದು ಸಂಚು ಎಂದ ಕೋರ್ಟು ಅವರಿಗೇ ದಂಡ ಹಾಕಿತು. ಇದೇ ಪ್ರಕರಣದ ಮೇಲೆ ಬಂದ ‘ಮಹಾರಾಜ್’ ಚಿತ್ರ 2024ರಲ್ಲಿ ಗುಜರಾತ್ ಹೈಕೋರ್ಟಿನ ತಡೆ ದಾಟಿಯೇ ಜನರ ಮುಂದೆ ಬರಬೇಕಾಯಿತು.

● ಭಾರತದಲ್ಲಿ ನಾಟಕಗಳ ಬಾಯಿ ಕಟ್ಟಿದ 1876ರ ಕಾಯ್ದೆ ಹುಟ್ಟಿದ್ದು ಒಂದು ಪ್ರಹಸನದಿಂದ. ಕಲ್ಕತ್ತೆಯ ವಕೀಲರೊಬ್ಬರು ಇಂಗ್ಲೆಂಡಿನ ಯುವರಾಜನನ್ನು ಮನೆಗೆ ಕರೆದು ಹೆಂಗಸರಿಂದ ಆರತಿ ಎತ್ತಿಸಿದರು. ನಾಟಕದವರು ಬಿಟ್ಟಾರೆಯೇ? ರಂಗದ ಮೇಲೆ ಆಡಿ ತೋರಿಸಿದರು. ಸರ್ಕಾರ ಕಾಯ್ದೆ ತಂದಿತು.

● ಆ ಕಾಯ್ದೆಯ ರುಚಿ ಬೊಂಬಾಯಿ ಪ್ರಾಂತಕ್ಕೆ ಸಿಕ್ಕಿದ್ದು 1910ರಲ್ಲಿ, ಖಾಡಿಲ್ಕರ್ ಬರೆದ ‘ಕೀಚಕವಧ’ಕ್ಕೆ ನಿಷೇಧ ಬಿದ್ದಾಗ. ಕೀಚಕನ ವೇಷದಲ್ಲಿ ಕರ್ಜನ್ ಸಾಹೇಬ ಕೂತಿದ್ದಾನೆ ಎಂಬುದು ಪ್ರೇಕ್ಷಕರಿಗೂ ಗೊತ್ತು, ಪೊಲೀಸರಿಗೂ ಗೊತ್ತು. ಬ್ರಿಟಿಷರು ಹೋದ ಮೇಲೂ ಕಾಯ್ದೆ ಪುಸ್ತಕದಲ್ಲಿ ಆರಾಮವಾಗಿ ಮಲಗಿತ್ತು. ಅದನ್ನು ಎಬ್ಬಿಸಿ ಕಳಿಸಿದ್ದು 2018ರಲ್ಲಿ.

● ಕಾಯ್ದೆ ಹೋಯಿತು ಅಂತ ಹಿಗ್ಗಬೇಡಿ. ನಾಟಕ ಆಡುವ ಮೊದಲು ಅದರ ಹಸ್ತಪ್ರತಿಯನ್ನು ಸರ್ಕಾರಿ ಪರಿಶೀಲನಾ ಮಂಡಳಿಗೆ ಒಪ್ಪಿಸಿ ಪ್ರಮಾಣಪತ್ರ ತರಬೇಕೆಂಬ ಮಹಾರಾಷ್ಟ್ರದ ನಿಯಮವನ್ನು ನಟ ಅಮೋಲ್ ಪಾಲೇಕರ್ 2016ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದರು.

● ಸಂವಿಧಾನದ ವಾಕ್ ಸ್ವಾತಂತ್ರ್ಯದ ವಿಧಿಗೆ ಒಂದೇ ವರ್ಷದಲ್ಲಿ ಕತ್ತರಿ ಬೀಳಲು ಕಾರಣವಾದ ಪತ್ರಿಕೆಗಳಲ್ಲೊಂದು ಬೊಂಬಾಯಿಯದು: ರೊಮೇಶ್ ಥಾಪರ್ ಅವರ ‘ಕ್ರಾಸ್ ರೋಡ್ಸ್’ ವಾರಪತ್ರಿಕೆ. ಮದ್ರಾಸ್ ಸರ್ಕಾರ ಅದನ್ನು ತನ್ನ ಗಡಿಯೊಳಗೆ ಬಿಡಲಿಲ್ಲ. 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪತ್ರಿಕೆಯ ಪರ ತೀರ್ಪು ಕೊಟ್ಟಿತು. 1951ರಲ್ಲಿ ಮೊದಲ ತಿದ್ದುಪಡಿ ಬಂತು, 19(2)ರೊಳಗೆ ‘ಸಾರ್ವಜನಿಕ ಸುವ್ಯವಸ್ಥೆ’ ಸೇರಿಕೊಂಡಿತು. ಈಗ ಜೋಕಿನ ಮೇಲೆ ದೂರು ಕೊಡುವವರೆಲ್ಲ ಹಿಡಿದು ನಿಲ್ಲುವುದು ಈ ಕಂಬವನ್ನೇ.

● ಬೊಂಬಾಯಿಯ ಫ್ರೀ ಪ್ರೆಸ್ ಜರ್ನಲ್ ಕಚೇರಿಯಲ್ಲಿ ಒಂದು ಕಾಲಕ್ಕೆ ಒಟ್ಟಿಗೆ ಕೆಲಸ ಮಾಡಿದ ಇಬ್ಬರು ವ್ಯಂಗ್ಯಚಿತ್ರಕಾರರು ಯಾರು ಗೊತ್ತೇ? ಒಬ್ಬರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಜೆ.ಜೆ. ಕಲಾಶಾಲೆ ಸೀಟು ಕೊಡದೆ ಕಳಿಸಿದ ಹುಡುಗ, ಡಾ. ಎಂ. ಶಿವರಾಂ ಅವರ ‘ಕೊರವಂಜಿ’ಗೆ ಚಿತ್ರ ಬರೆದು ಕೈ ಪಳಗಿಸಿಕೊಂಡವರು. ಇನ್ನೊಬ್ಬರು ಬಾಳಾ ಠಾಕ್ರೆ.

ಲಕ್ಷ್ಮಣ್ 1951ರಿಂದ ಬರೆದ ‘ಶ್ರೀಸಾಮಾನ್ಯ’ನನ್ನು ನೆನಪಿಸಿಕೊಳ್ಳಿ. ಚೌಕಳಿ ಕೋಟು, ಕಚ್ಚೆ ಪಂಚೆ, ಬೋಳು ತಲೆಯ ಹಿಂದೆ ನಾಲ್ಕು ಕೂದಲು, ಮೂಗಿನ ಮೇಲೆ ಕನ್ನಡಕ. ಮಂತ್ರಿ ಭಾಷಣ ಬಿಗಿಯುತ್ತಿರುತ್ತಾನೆ, ಅಧಿಕಾರಿ ಕಡತ ಬಚ್ಚಿಡುತ್ತಿರುತ್ತಾನೆ, ಈತ ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾನೆ. ಅಷ್ಟೂ ದಶಕಗಳಲ್ಲಿ ಒಂದು ಮಾತೂ ಆಡಲಿಲ್ಲ. ವರ್ಲಿ ಸಮುದ್ರತೀರದಲ್ಲಿ ಅವನ ಪ್ರತಿಮೆಯಿದೆ. ಮಾತಾಡಿದ್ದರೆ ಪ್ರತಿಮೆ ಸಿಗುತ್ತಿತ್ತೋ ಸಮನ್ಸ್ ಸಿಗುತ್ತಿತ್ತೋ, ನೀವೇ ಹೇಳಿ.

ಠಾಕ್ರೆ 1960ರ ಆಗಸ್ಟಿನಲ್ಲಿ ‘ಮಾರ್ಮಿಕ್’ ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ ಶುರುಮಾಡಿದರು. ಅದರ ಹೆಸರಾಂತ ಅಂಕಣದ ಶೀರ್ಷಿಕೆ ‘ವಾಚಾ ಆಣಿ ಥಂಡ ಬಸಾ’, ಅಂದರೆ ಓದಿ, ತೆಪ್ಪಗೆ ಕೂತಿರಿ. ಒಳಗಿದ್ದದ್ದು ಹೆಸರುಗಳ ಪಟ್ಟಿ: ಮುಂಬೈಯ ಯಾವ ಕಂಪನಿಯಲ್ಲಿ ಯಾವ ದಕ್ಷಿಣದವನು ಯಾವ ಕುರ್ಚಿಯಲ್ಲಿದ್ದಾನೆ ಎಂಬ ಲೆಕ್ಕ. ನಮ್ಮವರ ಮಾತಿನ ಧಾಟಿಗೆ ‘ಯಂಡುಗುಂಡು’ ಎಂಬ ಅಣಕ ಅಂಟಿತು. ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಎಂಬ ಘೋಷಣೆಯ ಪ್ರಾಸ ಚೆನ್ನಾಗಿಯೇ ಇತ್ತು, ಯಾರಾದರೂ ನಗಬೇಕು. ನಗುತ್ತಲೇ ಉಡುಪಿ ಹೋಟೆಲುಗಳ ಗಾಜಿಗೆ ಕಲ್ಲು ಬಿತ್ತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಹೆಸರಲ್ಲಿ ಮುಂಬೈ ಹೊತ್ತಿದಾಗಲೂ ಮೊದಲು ಬಾಗಿಲೆಳೆದುಕೊಂಡವರಲ್ಲಿ ನಮ್ಮ ಹೋಟೆಲಿನವರಿದ್ದರು. ತಮಾಷೆಯಿಂದ ಯಾರಿಗೂ ಗಾಯವಾಗುವುದಿಲ್ಲ ಎಂದು ವಾದಿಸುವವರು ಮಾಟುಂಗದಲ್ಲಿ ಒಂದು ಕಾಫಿ ಕುಡಿದು, ಗಲ್ಲಾದಲ್ಲಿ ಕೂತ ಹಿರಿಯರನ್ನು ಕೇಳಿ ನೋಡಲಿ.

● ಮೆಹಮೂದ್ ‘ಪಡೋಸನ್’ನಲ್ಲಿ (1968) ‘ಮದ್ರಾಸಿ’ ಸಂಗೀತ ಮೇಷ್ಟ್ರಾಗಿ ಮಾಡಿದ ಅಣಕಕ್ಕೆ ದಕ್ಷಿಣದವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

● ದ್ವಂದ್ವಾರ್ಥದ ರಾಜ ದಾದಾ ಕೋಂಡ್ಕೆಯ ‘ಸೋಂಗಾಡ್ಯಾ’ಕ್ಕೆ (1971) ದಾದರ್‌ನ ಕೋಹಿನೂರ್ ಟಾಕೀಸು ಕೈಕೊಟ್ಟು ದೇವಾನಂದ್ ಚಿತ್ರ ಹಾಕಿತು. ಕೋಂಡ್ಕೆ ಹೋಗಿ ನಿಂತದ್ದು ಠಾಕ್ರೆ ಬಾಗಿಲಲ್ಲಿ. ಠಾಕ್ರೆಯವರ ಶಿವಸೇನೆಯ ಕಾರ್ಯಕರ್ತರು ಟಾಕೀಸಿನ ಮುಂದೆ ಜಮಾಯಿಸಿದರು, ‘ಸೋಂಗಾಡ್ಯಾ’ ತೆರೆಗೆ ಬಂತು. ಪೋಲಿ ಜೋಕಿಗೆ ಬಾಗಿಲು ತೆಗೆಸಿದ್ದೂ ಅದೇ ಸೇನೆ ಎಂಬುದನ್ನು ಮರೆಯಬಾರದು.

● ವ್ಯಂಗ್ಯಚಿತ್ರಕಾರನಾಗಿದ್ದು ರಾಜಕಾರಣಿಯಾದ ರಾಮನ್ ಫೀಲ್ಡಿಂಗ್ ಎಂಬ ಪಾತ್ರ ಸಲ್ಮಾನ್ ರಶ್ದಿಯ ‘ದ ಮೂರ್ಸ್ ಲಾಸ್ಟ್ ಸೈ’ (1995) ಕಾದಂಬರಿಯಲ್ಲಿದೆ. ಯಾರನ್ನು ನೋಡಿ ಬರೆದದ್ದು ಎಂದು ಹೇಳಬೇಕಿಲ್ಲ. ಆ ಪುಸ್ತಕವನ್ನು ಮುಂಬೈಯಲ್ಲಿ ಹಂಚಲು ವಿತರಕರು ಹಿಂದೆಗೆದರು.

● ಕಾನ್ಪುರದ ವ್ಯಂಗ್ಯಚಿತ್ರಕಾರ ಅಸೀಂ ತ್ರಿವೇದಿಯನ್ನು 2012ರ ಸೆಪ್ಟೆಂಬರಿನಲ್ಲಿ ಮುಂಬೈ ಪೊಲೀಸರು ಬಂಧಿಸಿದ್ದು ರಾಜದ್ರೋಹದ ಆರೋಪದ ಮೇಲೆ. 2015ರಲ್ಲಿ ಬಾಂಬೆ ಹೈಕೋರ್ಟು, ಹಿಂಸೆಗೆ ಪ್ರಚೋದನೆ ಇಲ್ಲದ ಟೀಕೆಗೆ 124ಎ ಹಚ್ಚಬೇಡಿ ಎಂದು ಪೊಲೀಸರಿಗೆ ಪಾಠ ಹೇಳಿತು.

● ಠಾಕ್ರೆ ತೀರಿಕೊಂಡ ಮಾರನೆಯ ದಿನ, 2012ರ ನವೆಂಬರ್ 18ರಂದು, ಇಡೀ ನಗರ ಯಾಕೆ ಬಂದ್ ಆಗಬೇಕು ಎಂದು ಫೇಸ್‌ಬುಕ್ಕಿನಲ್ಲಿ ಕೇಳಿದ ಪಾಲ್ಘರ್‌ನ ಯುವತಿ ಮತ್ತು ಅದಕ್ಕೆ ‘ಲೈಕ್’ ಒತ್ತಿದ ಗೆಳತಿ ಇಬ್ಬರ ಬಂಧನವಾಯಿತು. ಅದು ಜೋಕೂ ಅಲ್ಲ, ಬರೀ ಪ್ರಶ್ನೆ. ಬಂಧಿಸಿದ ಪೊಲೀಸ್ ಅಧಿಕಾರಿಗಳು ಅಮಾನತಾದರು. ಈ ಪ್ರಕರಣದ ಬೆನ್ನಲ್ಲೇ ಯುವತಿಯೊಬ್ಬರು ಹೂಡಿದ ಅರ್ಜಿಯಿಂದ 2015ರ ಮಾರ್ಚ್ 24ರಂದು ಐಟಿ ಕಾಯ್ದೆಯ 66ಎ ಕಲಮು ರದ್ದಾಯಿತು.

● ಲಕ್ಷ್ಮಣ್ ತೀರಿಕೊಂಡದ್ದು 2015ರ ಜನವರಿ 26ರಂದು. ಅದಾಗಿ ಎರಡು ದಿನಕ್ಕೆ ಎಐಬಿ ಹಾಸ್ಯ ತಂಡದ ‘ನಾಕೌಟ್’ ಯೂಟ್ಯೂಬಿಗೆ ಬಂತು. ವರ್ಲಿಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಸಾವಿರಾರು ಜನರ ಮುಂದೆ ರಣವೀರ್ ಸಿಂಗ್, ಅರ್ಜುನ್ ಕಪೂರ್ ಇಬ್ಬರನ್ನೂ ಕೂರಿಸಿ ಮನಸಾರೆ ಬೈದ ಕಾರ್ಯಕ್ರಮ. ಬೈಸಿಕೊಳ್ಳುವವರು ಒಪ್ಪಿ ಕೂತಿದ್ದರು, ಬಂದವರು ದುಡ್ಡು ಕೊಟ್ಟು ಬಂದಿದ್ದರು. ಆದರೂ ವಾರದೊಳಗೆ ವಿಡಿಯೋ ಇಳಿಯಿತು, ಪರವಾನಗಿ ಇತ್ತೇ ಎಂದು ಸರ್ಕಾರ ವಿಚಾರಣೆಗೆ ಇಳಿಯಿತು, ಆಮೇಲೆ ತಾರದೇವ್ ಠಾಣೆಯಲ್ಲಿ ಎಫ್‌ಐಆರ್ ಆಯಿತು. ನನಗೆ ಆ ಜೋಕುಗಳಲ್ಲಿ ಅರ್ಧಕ್ಕರ್ಧ ಸಪ್ಪೆ ಅನ್ನಿಸಿದವು. ಮೈಬಣ್ಣ, ಮೈಗಾತ್ರ ಹಿಡಿದು ಹೀಯಾಳಿಸಲು ಜಾಣತನ ಬೇಕಿಲ್ಲ. ಆದರೆ ಸಪ್ಪೆ ಜೋಕಿಗೆ ಶಿಕ್ಷೆ ಅಂದರೆ ಚಪ್ಪಾಳೆ ಬೀಳದಿರುವುದು, ಠಾಣೆಯಲ್ಲ.

● ಒಪ್ಪಿ ಬೈಸಿಕೊಳ್ಳುವುದು ವಿದೇಶಿ ಚಟ ಎನ್ನುವವರಿಗೆ: ಕೊಡಗಿನ ದೇವರಪುರದ ಕುಂಡೆ ಹಬ್ಬಕ್ಕೆ ಮೇ ತಿಂಗಳಲ್ಲಿ ಒಮ್ಮೆ ಹೋಗಿ ಬನ್ನಿ. ವೇಷ ತೊಟ್ಟ ಆದಿವಾಸಿಗಳು ಸಾಹುಕಾರರಿಂದ ಹಿಡಿದು ದೇವರವರೆಗೆ ಒಬ್ಬರನ್ನೂ ಬಿಡದೆ ಬೈಯುತ್ತಾರೆ. ಬೈಸಿಕೊಂಡವರು ದುಡ್ಡನ್ನೂ ಕೊಡುತ್ತಾರೆ.

● ಟಿವಿಯಲ್ಲಿ ಗುರ್ಮೀತ್ ರಾಮ್ ರಹೀಮ್‌ನನ್ನು ಅಣಕಿಸಿದ್ದಕ್ಕೆ ಹಾಸ್ಯನಟ ಕಿಕು ಶಾರದಾರನ್ನು 2016ರ ಜನವರಿಯಲ್ಲಿ ಹರಿಯಾಣ ಪೊಲೀಸರು ಮುಂಬೈಗೇ ಬಂದು ಹಿಡಿದೊಯ್ದರು. ಆರೋಪ, ಧಾರ್ಮಿಕ ಭಾವನೆಗೆ ಧಕ್ಕೆ (295ಎ). ಮರುವರ್ಷ ಆಗಸ್ಟಿನಲ್ಲಿ ಅತ್ಯಾಚಾರದ ಅಪರಾಧಿ ಎಂದು ತೀರ್ಮಾನವಾದದ್ದು ಆ ‘ಬಾಬಾ’.

● ಖಾರ್‌ನ ಒಂದು ಹೋಟೆಲಿನ ಆವರಣದಲ್ಲಿದ್ದ ‘ಹ್ಯಾಬಿಟಾಟ್’ ಎಂಬ ಪುಟ್ಟ ಸಭಾಂಗಣದ ಜಾತಕ ನೋಡಿ. 2020ರ ಜುಲೈನಲ್ಲಿ ಒಮ್ಮೆ ಒಡೆದರು. ಅಗ್ರಿಮಾ ಜೋಶುವಾ ಎಂಬಾಕೆ ವರ್ಷದ ಹಿಂದೆ ಅಲ್ಲಿ ಹೇಳಿದ್ದ ಜೋಕು, ಅರಬ್ಬೀ ಸಮುದ್ರದ ಶಿವಾಜಿ ಸ್ಮಾರಕದ ಕುರಿತದ್ದು, ಆಗ ಹೊರಬಂದಿತ್ತು. ಆಕೆ ಕ್ಷಮೆ ಕೇಳಿದ ಮೇಲೂ ಅತ್ಯಾಚಾರದ ಬೆದರಿಕೆಗಳು ನಿಲ್ಲಲಿಲ್ಲ. 2025ರ ಫೆಬ್ರವರಿಯಲ್ಲಿ ‘ಇಂಡಿಯಾಸ್ ಗಾಟ್ ಲೇಟೆಂಟ್’ ಗಲಾಟೆ: ರಣವೀರ್ ಅಲ್ಲಾಬಾದಿಯಾ ತಂದೆ ತಾಯಿಯ ಕುರಿತು ಕೇಳಿದ ಅಸಹ್ಯ ಪ್ರಶ್ನೆಗೆ ಹಲವು ರಾಜ್ಯಗಳಲ್ಲಿ ದೂರು ದಾಖಲಾಯಿತು. ಅದರ ಚಿತ್ರೀಕರಣವೂ ಇಲ್ಲೇ.

ಮುಂದಿನ ತಿಂಗಳೇ ಹಾಸ್ಯಗಾರ ಕುನಾಲ್ ಕಾಮ್ರಾ ಸರದಿ. ‘ದಿಲ್ ತೋ ಪಾಗಲ್ ಹೈ’ ಚಿತ್ರದ ಹಾಡೊಂದರ ಧಾಟಿಗೆ ಮಾತು ಬದಲಿಸಿ, ಹೆಸರು ಹೇಳದೆ, ಉಪಮುಖ್ಯಮಂತ್ರಿ ಏಕನಾಥ ಶಿಂದೆಯವರನ್ನು ಕುಟುಕಿದರು. ಮಾರ್ಚ್ 23ರ ರಾತ್ರಿ ಶಿಂದೆ ಬಣದವರು ಹ್ಯಾಬಿಟಾಟ್‌ಗೆ ನುಗ್ಗಿ ಕುರ್ಚಿ, ದೀಪ ಪುಡಿ ಮಾಡಿದರು. ಮಾರನೇ ದಿನ ಹನ್ನೆರಡು ಮಂದಿಯ ಬಂಧನವಾಯಿತು, ಅದೇ ದಿನ ಜಾಮೀನೂ ಸಿಕ್ಕಿತು. ಅವತ್ತೇ ಮಹಾನಗರ ಪಾಲಿಕೆಯ ಆಳುಗಳು ಸುತ್ತಿಗೆ ಹಿಡಿದು ಬಂದು, ಅನಧಿಕೃತ ಕಟ್ಟಡ ಎಂದು ಒಂದಷ್ಟು ಭಾಗ ಕೆಡವಿದರು. ಕೆಡವುವ ಮುನ್ನ ಹದಿನೈದು ದಿನದ ನೋಟಿಸು ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿ ಆಗಿನ್ನೂ ನಾಲ್ಕು ತಿಂಗಳು. ಇಷ್ಟು ಚುರುಕಾಗಿ ಪಾಲಿಕೆ ರಸ್ತೆ ಗುಂಡಿ ಮುಚ್ಚಿದ್ದನ್ನು ಅಂಧೇರಿ ಕಡೆಯವರು ಯಾರಾದರೂ ಕಂಡಿದ್ದರೆ ತಿಳಿಸಿ.

● ಕಾಮ್ರಾ ಕ್ಷಮೆ ಕೇಳಲಿಲ್ಲ. ಮದ್ರಾಸ್ ಹೈಕೋರ್ಟು ಮಧ್ಯಂತರ ರಕ್ಷಣೆ ಕೊಟ್ಟಿತು, ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟು ಬಂಧಿಸಬೇಡಿ ಎಂದಿತು. ಕೋರ್ಟು ಕಾಯ್ದರೂ ಟಿಕೆಟ್ ಮಾರುವ ಬುಕ್‌ಮೈಶೋ ಕಾಯಲಿಲ್ಲ. ಕಲಾವಿದರ ಪಟ್ಟಿಯಿಂದ ಅವರ ಹೆಸರೇ ಮಾಯವಾಯಿತು. ವಿದೂಷಕನ ಬಾಯಿ ಮುಚ್ಚಿಸಲು ಈಗ ಜೈಲು ಬೇಕಿಲ್ಲ, ಒಂದು ಗುಂಡಿ ಒತ್ತಿದರೆ ಸಾಕು.

● ಇದೇ ಕಾಮ್ರಾ ಇನ್ನೊಂದು ಮೊಕದ್ದಮೆಯಲ್ಲಿ ದೇಶಕ್ಕೆಲ್ಲ ಉಪಕಾರ ಮಾಡಿದವರು. ಸರ್ಕಾರದ ಬಗ್ಗೆ ಯಾವುದು ಸುಳ್ಳು ಎಂದು ಸರ್ಕಾರವೇ ತೀರ್ಮಾನಿಸುವ ‘ಫ್ಯಾಕ್ಟ್ ಚೆಕ್’ ಘಟಕದ ನಿಯಮವನ್ನು ಅವರು ಪ್ರಶ್ನಿಸಿದರು. 2024ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಮೂರನೆಯವರು ಸೆಪ್ಟೆಂಬರ್ 20ರಂದು ನಿಯಮ ಅಸಿಂಧು ಎಂಬ ಕಡೆಗೆ ಮತ ಹಾಕಿದರು.

● ಮುಂಬೈಯ ಡೋಂಗ್ರಿಯಲ್ಲಿ ಬೆಳೆದ ಹಾಸ್ಯಗಾರ ಮುನವ್ವರ್ ಫಾರೂಕಿ 2021ರ ಹೊಸವರ್ಷದ ದಿನ ಇಂದೋರಿನಲ್ಲಿ ಬಂಧನಕ್ಕೊಳಗಾಗಿ ಒಂದು ತಿಂಗಳಿಗೂ ಮಿಕ್ಕಿ ಜೈಲಿನಲ್ಲಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಪೊಲೀಸರ ಸೂಚನೆಯ ಮೇರೆಗೆ ರದ್ದಾದದ್ದು ಬೆಂಗಳೂರಿನ ಶೋ. ಅದು ಪುನೀತ್ ರಾಜ್‌ಕುಮಾರ್ ಹೆಸರಿನ ಸೇವಾಕಾರ್ಯಕ್ಕೆಂದು ಇಟ್ಟಿದ್ದ ಕಾರ್ಯಕ್ರಮ ಎಂದು ಮುನವ್ವರ್ ಬರೆದುಕೊಂಡರು. ಮುಂದಿನ ವರ್ಷ ಚೌಡಯ್ಯ ಸ್ಮಾರಕ ಭವನದಲ್ಲಿ ವೀರ್ ದಾಸ್ ಕಾರ್ಯಕ್ರಮವೂ ಪ್ರತಿಭಟನೆಗೆ ಹೆದರಿ ರದ್ದಾಯಿತು. ‘ಲಂಚಾವತಾರ’ದ ಮಾಸ್ಟರ್ ಹಿರಣ್ಣಯ್ಯ ಎದುರು ಸಾಲಿನಲ್ಲಿ ಕೂತ ಮಂತ್ರಿಗಳನ್ನೇ ಝಾಡಿಸುತ್ತಿದ್ದ ನಾಡು ನಮ್ಮದು.

● 2025ರ ಮಾರ್ಚ್ 28ರಂದು, ಕಾಮ್ರಾ ಗಲಾಟೆ ಇನ್ನೂ ಬಿಸಿಯಿದ್ದಾಗಲೇ, ಸುಪ್ರೀಂ ಕೋರ್ಟು ಸಂಸದ ಇಮ್ರಾನ್ ಪ್ರತಾಪಗಢಿ ಮೇಲಿನ ಎಫ್‌ಐಆರ್ ರದ್ದುಮಾಡಿತು. ಮಾತಿನ ಮೇಲಿನ ದೂರು ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯದ್ದಾದರೆ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದೇ ಸರಿ ಎಂದಿತು. ಮಾತನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನವರ ಅಳತೆಯಲ್ಲಿ, ಅಳ್ಳೆದೆಯವರ ಅಳತೆಯಲ್ಲಲ್ಲ ಎಂದೂ ಹೇಳಿತು.

● ಇಷ್ಟೂ ಪ್ರಕರಣಗಳಲ್ಲಿ ನೊಂದುಕೊಂಡವರು ಹೆಚ್ಚಾಗಿ ಕುರ್ಚಿ, ಪಕ್ಷ, ಮಠಗಳ ಬಲವಿದ್ದವರು. ನಿಜಕ್ಕೂ ಬಲವಿಲ್ಲದವರು ಕೇಳಿಸಿಕೊಳ್ಳಬೇಕಾದರೆ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಎಸ್‌ಎಂಎ ಎಂಬ ಸ್ನಾಯುಕ್ಷಯದ ಕಾಯಿಲೆಯವರನ್ನೂ ಅಂಗವಿಕಲರನ್ನೂ ಗೇಲಿ ಮಾಡಿದ್ದಾರೆ ಎಂದು ರೋಗಿಗಳ ಪರ ಸಂಸ್ಥೆಯೊಂದು ದೂರಿತು. ಸಮಯ್ ರೈನಾ ಸೇರಿ ಐವರು ಹಾಸ್ಯಗಾರರು ತಮ್ಮ ಚಾನೆಲ್ಲಿನಲ್ಲೇ ಕ್ಷಮೆ ಕೇಳಬೇಕೆಂದು 2025ರ ಆಗಸ್ಟ್ 25ರಂದು ಕೋರ್ಟು ಹೇಳಿತು. ಇದಕ್ಕೆ ಯಾವ ಸಭಾಂಗಣದ ಗಾಜೂ ಒಡೆಯಲಿಲ್ಲ, ಯಾವ ಸೇನೆಯೂ ಬೀದಿಗೆ ಇಳಿಯಲಿಲ್ಲ. ನವೆಂಬರಿನಲ್ಲಿ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಅಂಗವಿಕಲ ಸಾಧಕರನ್ನು ವೇದಿಕೆಗೆ ಕರೆದು ಕಾರ್ಯಕ್ರಮ ಮಾಡಿ, ಅವರ ಚಿಕಿತ್ಸೆಗೆ ಹಣ ಕೂಡಿಸಿ ಎಂದು ಹಾಸ್ಯಗಾರರಿಗೆ ಸೂಚಿಸಿತು.