ನಿಮಗಿದು ಗೊತ್ತೆ? ಅನ್ಯಲೋಕದವರಿಗೆ ಕನ್ನಡದ ಶುಭಾಶಯ ಹೊರಟಿದೆ

1977ರಲ್ಲಿ ನಾಸಾ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ನುಡಿಸುವ ಬಗೆಯನ್ನು ಕವಚದ ಮೇಲೆ ಚಿತ್ರಗಳಲ್ಲೇ ಕೊರೆದು, ಸೂಜಿಯನ್ನೂ ಜೊತೆಗಿಟ್ಟು ಕಳಿಸಿದ್ದಾರೆ. ಆದರೆ ಕೇಳುವವರು ಇದ್ದಾರೆಯೆ?

ಇದ್ದಿದ್ದರೆ ಇಷ್ಟರಲ್ಲಿ ಸುಳಿವು ಸಿಗಬೇಕಿತ್ತಲ್ಲ ಎಂಬುದು ವಿಜ್ಞಾನಿ ಎನ್ರಿಕೊ ಫರ್ಮಿ 1950ರಲ್ಲಿ ಎತ್ತಿದ ಪ್ರಶ್ನೆ. ಮೌನವನ್ನೇ ಪುರಾವೆ ಮಾಡಿಕೊಳ್ಳುವುದು ಆತುರವಾದೀತು. ಆಕಾಶಗಂಗೆಯ ಅಡ್ಡಳತೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ನಾವು ರೇಡಿಯೊ ಅಲೆ ಹೊರಡಿಸತೊಡಗಿ ನೂರು ಚಿಲ್ಲರೆ ವರ್ಷವಷ್ಟೆ. ನಮ್ಮ ಸದ್ದು ಅಕ್ಕಪಕ್ಕದ ನಕ್ಷತ್ರಗಳಾಚೆಗೆ ಇನ್ನೂ ಹೋಗಿಲ್ಲ. ಬೇರೆ ನಕ್ಷತ್ರಗಳನ್ನು ಸುತ್ತುವ 5,000ಕ್ಕೂ ಹೆಚ್ಚು ಗ್ರಹಗಳು ಈಗಾಗಲೇ ಪತ್ತೆಯಾಗಿವೆ. ಗ್ರಹವಿದ್ದ ಮಾತ್ರಕ್ಕೆ ಬುದ್ಧಿವಂತರು ಇರಬೇಕಿಲ್ಲ ಎಂಬ ಆಕ್ಷೇಪವೇ ಹೆಚ್ಚು ಗಟ್ಟಿ: ಭೂಮಿಯಲ್ಲೇ ಜೀವ ಮೂಡಿ ಸುಮಾರು 350 ಕೋಟಿ ವರ್ಷ ಕಳೆದ ಮೇಲೆ ಮನುಷ್ಯ ಬಂದ. ಹಾಗಾಗಿ ಸೂಕ್ಷ್ಮಜೀವಿಗಳು ಹಲವೆಡೆ ಇರಬಹುದು, ಬುದ್ಧಿವಂತ ಜೀವಿಗಳು ಬಹು ವಿರಳ ಎಂದು ಊಹಿಸುವುದೇ ಸರಿ ಅನ್ನಿಸುತ್ತದೆ. ಹುಡುಕಾಟ ಬಿಡಲು ಅದು ಕಾರಣವಾಗದು. ಇನ್ನು ನಮ್ಮ ಶುಭಾಶಯ ಹೊತ್ತ ವಾಯೇಜರ್ 1 ಮತ್ತೊಂದು ನಕ್ಷತ್ರದ ಹತ್ತಿರ ಹಾಯುವುದು ಸುಮಾರು 40,000 ವರ್ಷಗಳ ನಂತರ, ಅದೂ 1.6 ಜ್ಯೋತಿರ್ವರ್ಷ ದೂರದಿಂದ.