ಮೊಳಕಾಲಿನ ಎಣ್ಣೆ ಆರುವುದಿಲ್ಲ

"ಎಣ್ಣಿ ಆರ್ಯಾದ್ರಿ, ಚಿಪ್ಪ ಸವದದ." ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಮೊಳಕಾಲು ಹಿಡಿದವರ ಬಾಯಲ್ಲಿ ಈ ಮಾತು ಸಾಮಾನ್ಯ. ಕೀಲಿನೊಳಗೆ ಎಣ್ಣೆಯಂಥದ್ದೇನೋ ಇತ್ತು, ವಯಸ್ಸಾದಂತೆ ಒಣಗಿತು, ಈಗ ಎಲುಬಿಗೆ ಎಲುಬು ತಿಕ್ಕುತ್ತಿದೆ ಎಂದು ಅದರ ಅರ್ಥ. ಹಾಗೆ ನಂಬಿದವರು ಉಳಿದದ್ದಾದರೂ ಸವೆಯದಿರಲಿ ಎಂದು ಕಾಲಾಡಿಸುವುದನ್ನೇ ಬಿಡುತ್ತಾರೆ. ಆದರೆ ಆಸ್ಟಿಯೋಆರ್ಥ್ರೈಟಿಸ್ ಎಂಬ ಈ ಕೀಲುರೋಗದ ಮೊದಲ ಹಂತದಲ್ಲಿ ಆಗುವುದು ಇದಕ್ಕೆ ಹೆಚ್ಚುಕಡಿಮೆ ವಿರುದ್ಧ.

ಎಲುಬಿನ ತುದಿಗೆ ಹೊದ್ದುಕೊಂಡಿರುವ ಮೃದ್ವಸ್ಥಿ ಮೊಳಕಾಲಿನಲ್ಲಿ ಸುಮಾರು 2ರಿಂದ 4 ಮಿಲಿಮೀಟರ್ ದಪ್ಪ. ಅದರ ತೂಕದಲ್ಲಿ ಶೇ 65ರಿಂದ 80ರಷ್ಟು ಬರೀ ನೀರು. ಆ ನೀರನ್ನು ಎಳೆದುಕೊಳ್ಳುವುದು ಪ್ರೋಟಿಯೋಗ್ಲೈಕಾನ್ ಎಂಬ ಅಣುಗಳು. ಅವು ಮಿತಿಮೀರಿ ಹಿಗ್ಗದಂತೆ ಬಿಗಿದಿಡುವುದು ಕೊಲ್ಯಾಜನ್ ನಾರಿನ ಬಲೆ. ತೊಗರಿ ಬೇಳೆಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ನೆನೆಹಾಕಿ ನೋಡಿ. ಬೇಳೆ ಉಬ್ಬಿ, ಬಟ್ಟೆ ತಡೆದು, ಗಂಟು ಒತ್ತಲಾಗದಷ್ಟು ಗಟ್ಟಿಯಾಗುತ್ತದೆ. ಬಟ್ಟೆಯ ನೂಲು ಸಡಿಲಾಗಿದ್ದರೆ ನೀರು ಇನ್ನೂ ಹೆಚ್ಚು ಹಿಡಿಯುತ್ತದೆ, ಗಂಟೂ ಊದುತ್ತದೆ, ಒತ್ತಿದರೆ ಮಾತ್ರ ಮೆತ್ತಗೆ. ರೋಗದ ಆರಂಭದಲ್ಲಿ ಮೃದ್ವಸ್ಥಿಯ ಗತಿಯೂ ಹೀಗೆಯೇ: ಮೇಲ್ಪದರದ ನಾರು ಸಡಿಲಾಗುತ್ತದೆ, ಪ್ರೋಟಿಯೋಗ್ಲೈಕಾನ್ ಸೋರಿಹೋಗುತ್ತದೆ, ನೀರಿನಂಶ ಏರುತ್ತದೆ, ಬಿಗಿತ ಇಳಿಯುತ್ತದೆ.

ನೀರು ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ. ಗಟ್ಟಿಮುಟ್ಟಾದ ಕೀಲಿನಲ್ಲಿ ಹೆಜ್ಜೆ ಊರಿದ ಕ್ಷಣ ಭಾರದ ಬಹುಪಾಲನ್ನು ಹೊರುವುದು ಒಳಗೆ ಸಿಕ್ಕಿಬಿದ್ದ ನೀರಿನ ಒತ್ತಡ. ನಾರಿನ ಸಂದು ಬಹಳ ಕಿರಿದಾದ್ದರಿಂದ ನೀರು ಥಟ್ಟನೆ ಹೊರಗೆ ಬರಲಾರದು. ಬಲೆ ಸಡಿಲಾದ ಮೇಲೆ ಅದು ಬೇಗ ಜಾರಿಕೊಳ್ಳುತ್ತದೆ. ಭಾರವೆಲ್ಲ ನಾರಿನ ಮೇಲೆಯೇ ಬಿದ್ದು ನಾರು ಇನ್ನಷ್ಟು ಹರಿಯುತ್ತದೆ.

"ನೋವಿಲ್ಲ, ಎಕ್ಸ್‌ರೇನೂ ಚಲೋ ಬಂದದ, ಮತ್ತೇನು ಚಿಂತಿ?" ಎನ್ನುವವರಿದ್ದಾರೆ. ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ಅದು ಮೆತ್ತಗಾಗುವಾಗ ಸುದ್ದಿ ಕೊಡುವುದಿಲ್ಲ. ನೋವು ಹುಟ್ಟುವುದು ಕೆಳಗಿನ ಎಲುಬು, ಕೀಲಿನ ಒಳಪೊರೆಯಂಥ ಕಡೆಗಳಲ್ಲಿ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಮೂಡುವುದೂ ಇಲ್ಲ, ಎರಡು ಎಲುಬಿನ ನಡುವಿನ ಸಂದಷ್ಟೇ ಕಾಣುತ್ತದೆ. ಸಂದು ಕಿರಿದಾಗುವ ಹೊತ್ತಿಗೆ ಮೊದಲ ಹಂತ ಎಂದೋ ಮುಗಿದಿರುತ್ತದೆ. ಇನ್ನು ನೋವಿಲ್ಲದೆ ಕಟಕಟ ಸದ್ದು ಬಂದರೆ ಅದೊಂದರಿಂದಲೇ ಗಾಬರಿಯಾಗಬೇಕಿಲ್ಲ.

ನಡೆದರೆ ಸವೆಯುತ್ತದೆ ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವ ನಂಬಿಕೆ. ಮೃದ್ವಸ್ಥಿಗೆ ರಕ್ತನಾಳವಿಲ್ಲ. ಒತ್ತಿದಾಗ ನೀರು ಹೊರಹೋಗಿ, ಬಿಟ್ಟಾಗ ಒಳಬರುವ ಓಡಾಟದಿಂದಲೂ ಅದಕ್ಕೆ ಪೋಷಣೆ ಸಿಗುತ್ತದೆ. ಬಹುಕಾಲ ಕಾಲಾಡಿಸದವರಲ್ಲಿ ಅದು ತೆಳ್ಳಗಾಗುತ್ತದೆ. ರೂಢಿಯಿಲ್ಲದೆ ಒಮ್ಮೆಲೇ ಗಾಣಗಾಪುರಕ್ಕೆ ಪಾದಯಾತ್ರೆ ಹೊರಡುವುದು ಬೇರೆ, ದಿನಾ ಊರ ಅಗಸಿಯತನಕ ನಡೆದು ಬರುವುದು ಬೇರೆ. ಎರಡನೆಯದು ಔಷಧಿಯೇ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ ಸ್ವಲ್ಪ ಹೊತ್ತು ಹಿಡಿದರೆ ತೊಡೆಯ ಮುಂಭಾಗದ ಸ್ನಾಯು ಬಲಿಯುತ್ತದೆ. ದಪ್ಪ ಮೈಯವರು ಒಂದು ಕೆ.ಜಿ. ಇಳಿದರೂ ಪ್ರತಿ ಹೆಜ್ಜೆಗೆ ಮೊಳಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ.ಯಷ್ಟು ತಗ್ಗುತ್ತದೆ.

ಕ್ಯಾಲ್ಸಿಯಂ ಗುಳಿಗೆ ಎಲುಬಿಗೆ. ಹರಿದ ನಾರಿನ ಬಲೆಯನ್ನು ಅದು ಹೆಣೆಯದು. ಸ್ಟೆರಾಯ್ಡ್ ಸೂಜಿ ಕೆಲವು ವಾರ ನೋವು ತಗ್ಗಿಸಬಹುದು. ಆದರೆ 140 ಮಂದಿಗೆ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಸ್ಟೆರಾಯ್ಡ್ ಅಥವಾ ಬರೀ ಉಪ್ಪುನೀರಿನ ಸೂಜಿ ಕೊಟ್ಟು ಹೋಲಿಸಿದ ಅಮೆರಿಕದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸ್ಟೆರಾಯ್ಡ್ ಪಡೆದವರ ಮೃದ್ವಸ್ಥಿಯೇ ಹೆಚ್ಚು ತೆಳುವಾಗಿತ್ತು. ನೋವಿನಲ್ಲಿ ಅಂತರ ಕಾಣಲಿಲ್ಲ. ಕೀಲು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಮಾತ್ರ ಅದು ಬೇರೆಯೇ ಕಾಯಿಲೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಹೇಳಿ ದುಡಿಮೆಯ ಮಾತು ಬಿಟ್ಟರೆ ಅನ್ಯಾಯ. ನಮ್ಮ ಹೊಲಗಳಲ್ಲಿ ಗಂಡಸರು ಎಡೆ ಹೊಡೆಯುವುದು ನಡೆದುಕೊಂಡು. ಸಾಲಿನೊಳಗಿನ ಕಸ ಮಾತ್ರ ಹೆಂಗಸರ ಪಾಲು, ಅದೂ ಕುಕ್ಕರಗಾಲಲ್ಲಿ, ಕೈಯಲ್ಲಿ ಕುರ್ಪಿ ಹಿಡಿದು. ಮೊಳಕಾಲು ಪೂರಾ ಮಡಚಿದ ಭಂಗಿಯಲ್ಲಿ ಭಾರ ಬಿಡುವಿಲ್ಲದೆ ಒಂದೇ ಜಾಗದಲ್ಲಿ ಕೂತರೆ, ಹೊರಹೋದ ನೀರು ಮರಳಿ ಬರಲು ಹೊತ್ತೇ ಸಿಗದು. ಬೀಜಿಂಗ್‌ನ ಹಿರಿಯರನ್ನು ಕುರಿತ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರೆಯದಲ್ಲಿ ದಿನಕ್ಕೆ ಹೆಚ್ಚು ಹೊತ್ತು ಕುಕ್ಕರಗಾಲಲ್ಲಿ ಕೂತವರಿಗೆ ಮುಂದೆ ಮೊಳಕಾಲಿನ ಈ ರೋಗ ಹೆಚ್ಚು ಕಂಡಿತ್ತು. ಕೂಲಿಯನ್ನು ಬಿಡಿ ಎಂದು ಯಾರಿಗೂ ಹೇಳಲಾಗದು. ಒಂದೊಂದು ಸಾಲು ಮುಗಿದಾಗ ಎದ್ದು ನಾಲ್ಕು ಹೆಜ್ಜೆ ಹಾಕಲು ಬಿಡುವು ಕೊಡಬಹುದು. ನಿಂತೇ ಕಸ ತೆಗೆಯುವ ಉದ್ದ ಹಿಡಿಕೆಯ ಸಲಕರಣೆಗಳು ಬಂದಿವೆ. ಹೊಲದ ಒಡೆಯರು ಅವನ್ನು ಮೊದಲು ಹೆಣ್ಣಾಳುಗಳ ಕೈಗೆ ಕೊಡಬೇಕು.